ಬೇಗ ಬಂದವರೆಲ್ಲ ದುಡಿದವರಲ್ಲ

ಕಚೇರಿಗೆ ಬಂದುಹೋಗುವ ಹೊತ್ತನ್ನು ಒಂದಿಷ್ಟು ನೌಕರರ ಕೈಗೇ ಬಿಡಬೇಕು ಎಂದರೆ ಮಾಲೀಕರು ಮುಖ ಗಂಟಿಕ್ಕುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕಿಂತ ಗಟ್ಟಿಯಾದ ವಿರೋಧ ಬರುವುದು ಪಕ್ಕದ ಮೇಜಿನಿಂದ. ಒಂಬತ್ತಕ್ಕೇ ಬಂದು ಕೂತವರಿಗೆ ಹನ್ನೊಂದಕ್ಕೆ ಬಂದವರ ಮೇಲೆ ಸಿಟ್ಟು. ಆರೂವರೆಯವರೆಗೆ ಇರುವವರಿಗೆ ನಾಲ್ಕಕ್ಕೇ ಬ್ಯಾಗು ಹೆಗಲಿಗೇರಿಸಿದವರ ಮೇಲೆ ಸಿಟ್ಟು. ಬಾಯಿಬಿಟ್ಟು ಹೇಳದೆ, ಕ್ಯಾಂಟೀನಿನಲ್ಲಿ ಇಬ್ಬರು ಮೂವರು ಸೇರಿದಾಗ ಮಾತ್ರ ಹೊರಬರುವ ಸಿಟ್ಟು ಅದು. ಅದಕ್ಕೆ ಕಾರಣಗಳಿವೆ, ಕೆಲವು ನ್ಯಾಯವಾದ ಕಾರಣಗಳೂ ಹೌದು. ಆದರೆ ಆ ಕಾರಣಗಳಿಂದ ಹೊಂದಿಕೆಯ ವೇಳೆಯೇ ಬೇಡ ಎಂಬ ತೀರ್ಮಾನಕ್ಕೆ ಬರುವವರು ದಾರಿ ತಪ್ಪಿದ್ದಾರೆ. ಅಕೌಂಟ್ಸ್ ವಿಭಾಗಗಳಲ್ಲೇ ದುಡಿಯುತ್ತ ಬಂದು ಈಗ ಒಂದು ತಂಡದ ಹೊಣೆ ಹೊತ್ತಿರುವ ನಾನು, ಇಷ್ಟು ಕಾಲ ಕಿವಿಗೆ ಬಿದ್ದ ಆಕ್ಷೇಪಗಳಿಗೆ ಇಲ್ಲಿ ಒಂದೊಂದಾಗಿ ಉತ್ತರ ಕೊಡುತ್ತಿದ್ದೇನೆ.

ಮೊದಲು, ಕೇಳುತ್ತಿರುವುದು ಏನನ್ನು ಎಂಬುದು ಸ್ಪಷ್ಟವಾಗಲಿ. ದಿನಕ್ಕೆ ಎಂಟು ಗಂಟೆ ಎಂದಿದ್ದರೆ ಎಂಟು ಗಂಟೆಯೇ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಎಲ್ಲರೂ ಇರಲೇಬೇಕು; ಸಭೆ, ಚರ್ಚೆ, ಸಹಿ, ಊಟ ಎಲ್ಲವೂ ಆ ಐದು ಗಂಟೆಯೊಳಗೆ. ಉಳಿದ ಮೂರು ಗಂಟೆಯನ್ನು ಒಬ್ಬರು ಎಂಟಕ್ಕೇ ಬಂದು ಮುಗಿಸಬಹುದು, ಇನ್ನೊಬ್ಬರು ಏಳರವರೆಗೆ ಕೂತು ಮುಗಿಸಬಹುದು. ಯಾರು ಯಾವ ಹೊತ್ತಿಗೆ ಇರುತ್ತಾರೆ ಎಂಬ ಪಟ್ಟಿ ವಾರ ಶುರುವಾಗುವ ಮುಂಚೆಯೇ ಇಡೀ ತಂಡದ ಕಣ್ಣಿಗೆ ಬೀಳುವಂತಿರಬೇಕು. ಇಷ್ಟೇ ಬೇಡಿಕೆ. ಬೇಕೆಂದಾಗ ಬಂದು ಬೇಕೆಂದಾಗ ಹೋಗುವ ಪದ್ಧತಿಯನ್ನು ಯಾರೂ ಕೇಳುತ್ತಿಲ್ಲ. ನಮ್ಮನ್ನು ವಿರೋಧಿಸುವವರು ಮಾತ್ರ ಬಹಳ ಸಲ ಅದನ್ನೇ ಎದುರಿಗಿಟ್ಟುಕೊಂಡು ವಾದ ಮಾಡುತ್ತಾರೆ.

ಶಿಸ್ತು ಹಾಳಾಗುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಸಾರ್ವಜನಿಕ ಉದ್ದಿಮೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು. ಅವರ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ. 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ – ಬೆಂಗಳೂರಿನ ತಲೆಮಾರುಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳು ಇವು. ಸೈರನ್ ಕೂಗುವ ಹೊತ್ತಿಗೆ ಗೇಟಿನ ಒಳಗಿರಬೇಕು ಎಂಬುದು ಅಲ್ಲಿ ಸುಮ್ಮನೆ ಹುಟ್ಟಿದ ನಿಯಮವಲ್ಲ. ಒಂದು ಪಾಳಿಯವನು ಯಂತ್ರ ಬಿಟ್ಟು ಎದ್ದರೆ ಮುಂದಿನ ಪಾಳಿಯವನು ಅದರ ಮುಂದೆ ನಿಲ್ಲಬೇಕು. ಜೋಡಣೆಯ ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ ಇಡೀ ಸಾಲೇ ಕಾಯಬೇಕು. ಅಲ್ಲಿ ವೇಳೆಗೆ ಬರುವುದೆಂದರೆ ಜೊತೆಯವನಿಗೆ ತೋರುವ ಮರ್ಯಾದೆಯೂ ಹೌದು.

ಆದರೆ ಆ ನಿಯಮ ಮೇಜಿನ ಕೆಲಸಕ್ಕೆ ಬಂದಾಗ ಅದರ ಕಾರಣ ಜೊತೆಗೆ ಬರಲಿಲ್ಲ. ನನ್ನ ಕೆಲಸವನ್ನೇ ತೆಗೆದುಕೊಳ್ಳಿ. ಏಳನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು, ಹನ್ನೊಂದಕ್ಕೆ ಜಿಎಸ್‌ಟಿಆರ್-1 ಹೋಗಬೇಕು, ಇಪ್ಪತ್ತಕ್ಕೆ 3ಬಿ ಹೋಗಬೇಕು. ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ, ಮೇಲೆ ಬಡ್ಡಿ. ರಿಟರ್ನ್ ತುಂಬಿದವರು ಆ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಬಂದರು ಎಂದು ಯಾವ ತೆರಿಗೆ ಅಧಿಕಾರಿಯೂ ಕೇಳಿದ್ದಿಲ್ಲ. ನಮ್ಮ ಕೆಲಸದ ಶಿಸ್ತು ತಾರೀಖಿನಲ್ಲಿದೆ, ಲೆಕ್ಕ ತಾಳೆಯಾಗುವುದರಲ್ಲಿದೆ, ಇನ್‌ವಾಯ್ಸ್ ಮೇಲಿನ ಒಂದು ಅಂಕಿ ತಪ್ಪಾಗಿದ್ದರೂ ಹಿಡಿಯುವ ಕಣ್ಣಿನಲ್ಲಿದೆ. ಒಂಬತ್ತೂವರೆಗೆ ಸರಿಯಾಗಿ ಬಂದು ತಾರೀಖು ತಪ್ಪಿಸುವವರನ್ನು ನಾನು ನೋಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವರಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ.

ಕಾರ್ಖಾನೆಯ ಹೆಸರು ಹೇಳಿ ವಾದಿಸುವವರಿಗೆ ಇನ್ನೊಂದು ಸಂಗತಿಯನ್ನೂ ನೆನಪಿಸಬೇಕು. ಹೊಂದಿಕೆಯ ವೇಳೆ ಸೋಮಾರಿಗಳ ತಲೆಯಲ್ಲಿ ಹುಟ್ಟಿದ್ದಲ್ಲ, ಸಾಫ್ಟ್‌ವೇರ್ ಕಂಪನಿಗಳು ತಂದ ಹೊಸ ಚಾಳಿಯೂ ಅಲ್ಲ. 1967ರಲ್ಲಿ, ಜರ್ಮನಿಯ ಮ್ಯೂನಿಕ್ ಪಕ್ಕದ ಓಟೊಬ್ರುನ್‌ನಲ್ಲಿ, ವಿಮಾನ ತಯಾರಿಸುವ ಸಂಸ್ಥೆಯೊಂದು ಇದನ್ನು ಜಾರಿಗೆ ತಂದಿತು. ಮುಂದೆ ಮೆಸ್ಸರ್‌ಶ್ಮಿಟ್-ಬೋಲ್ಕೋ-ಬ್ಲೋಮ್ ಎಂದು ಹೆಸರಾದ ಸಂಸ್ಥೆ ಅದು. ಈ ಯೋಚನೆಯ ಹಿಂದಿದ್ದವರು ಕ್ರಿಸ್ಟೆಲ್ ಕಾಮರರ್ ಎಂಬ ಸಲಹೆಗಾರ್ತಿ. ಸಾವಿರಾರು ಜನ ಒಂದೇ ಹೊತ್ತಿಗೆ ಬರುವುದರಿಂದ ರಸ್ತೆಯಲ್ಲೂ ಗೇಟಿನಲ್ಲೂ ಆಗುತ್ತಿದ್ದ ನೂಕುನುಗ್ಗಲನ್ನು ತಪ್ಪಿಸುವುದು ಅಲ್ಲಿನ ಉದ್ದೇಶವಾಗಿತ್ತು. ಅಮೆರಿಕದ ಸಂಸತ್ತು 1978ರಲ್ಲಿ ತನ್ನ ಕೇಂದ್ರ ಸರ್ಕಾರದ ನೌಕರರಿಗೆ ಇದನ್ನು ಪ್ರಯೋಗವಾಗಿ ಕೊಟ್ಟು, 1985ರಲ್ಲಿ ಕಾಯಂ ಮಾಡಿತು. ಬ್ರಿಟನ್ 2003ರಲ್ಲಿ ಚಿಕ್ಕ ಮಕ್ಕಳ ತಂದೆತಾಯಿಗೆ ಹೊಂದಿಕೆಯ ವೇಳೆ ಕೇಳುವ ಹಕ್ಕು ಕೊಟ್ಟಿತು. 2014ರಲ್ಲಿ ಅದನ್ನು ಎಲ್ಲ ನೌಕರರಿಗೂ ವಿಸ್ತರಿಸಿತು. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದು. ನಮ್ಮ ಕೇಂದ್ರ ಸರ್ಕಾರವೂ ಕೊರೊನಾ ಬಂದ 2020ರಲ್ಲಿ ತನ್ನ ಕಚೇರಿಗಳ ಸಿಬ್ಬಂದಿಯನ್ನು ಒಂಬತ್ತು, ಒಂಬತ್ತೂವರೆ, ಹತ್ತು ಎಂದು ಮೂರು ಹೊತ್ತಿಗೆ ಬರುವಂತೆ ವಿಂಗಡಿಸಿತ್ತು. ಕಾಯಿಲೆಗೆ ಹೆದರಿ ಮಾಡಿದ ಏರ್ಪಾಡು ಅದು, ನಿಜ. ಆದರೆ ಮಾಡಬಹುದು ಎಂಬುದು ಗೊತ್ತಾಯಿತಲ್ಲ.

ಇನ್ನು ನಾನು ನ್ಯಾಯವಾದದ್ದು ಎಂದ ಆಕ್ಷೇಪಕ್ಕೆ ಬರುತ್ತೇನೆ. ಬೇಗ ಬರುವವರ ತಲೆಗೆ ಎಲ್ಲ ಹೊರೆ ಬೀಳುತ್ತದೆ ಎಂಬುದು ಅದು. ಬೆಳಿಗ್ಗೆ ಒಂಬತ್ತಕ್ಕೆ ಬಂದವರ ಮೇಜಿನಲ್ಲೇ ಫೋನು ಬಡಿದುಕೊಳ್ಳುವುದು, ಬ್ಯಾಂಕಿನವರು ಬಂದು ನಿಲ್ಲುವುದು, ಮೇಲಿನವರು ತುರ್ತಾಗಿ ಒಂದು ಪಟ್ಟಿ ಕೇಳುವುದು. ಹನ್ನೊಂದಕ್ಕೆ ಬರುವವರ ಕೆಲಸಕ್ಕೂ ಇವರೇ ಉತ್ತರ ಹೇಳಬೇಕು. ಸಂಜೆ ಹೊರಡುವ ಹೊತ್ತಿಗೆ ಏನಾದರೂ ಬಂದರೆ, ತಡವಾಗಿ ಬಂದವರು ಅದನ್ನು ನಾಳೆಗೆ ತಳ್ಳುತ್ತಾರೆ. ನಾಳೆ ಬೆಳಿಗ್ಗೆ ಮತ್ತೆ ಇವರ ಮೇಜಿಗೇ ಬರುತ್ತದೆ. ಹೀಗೆ ನಡೆಯುವ ಕಚೇರಿಗಳಿವೆ. ಅಲ್ಲಿ ಸಿಟ್ಟು ಬಂದವರನ್ನು ಸಂಕುಚಿತ ಮನಸ್ಸಿನವರು ಎನ್ನುವುದು ಅನ್ಯಾಯ.

ಆದರೆ ಅಂಥ ಕಚೇರಿಗಳಲ್ಲಿ ನಿಜಕ್ಕೂ ಇರುವುದು ಏನು ಎಂದು ನೋಡಿ. ಹಿಂದೆ ನಾನಿದ್ದ ಒಂದು ಕಡೆ ಇದನ್ನು ಹತ್ತಿರದಿಂದ ಕಂಡೆ. ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬರು ದಿನವೂ ನಾಲ್ಕೂವರೆಗೆ ಎದ್ದು ಹೋಗುತ್ತಿದ್ದರು. ಲಿಫ್ಟಿನ ಹತ್ತಿರ ಯಾರಾದರೂ "ಏನ್ ಮೇಡಂ, ಇವತ್ತೂ ಹಾಫ್ ಡೇನಾ?" ಎಂದು ಕೇಳುವರು. ಅವರು ನಕ್ಕು ಸುಮ್ಮನಾಗುವರು. ಹಿಂದೆ ಬೇರೆ ಮಾತುಗಳೂ ನಡೆಯುತ್ತಿದ್ದವು, ಅವು ಇಲ್ಲಿ ಬೇಡ. ಕೊನೆಗೊಂದು ದಿನ ಆಡಿಟ್‌ಗಾಗಿ ಸಿಸ್ಟಂನ ದಾಖಲೆಗಳನ್ನು ತೆಗೆದಾಗ ತಿಳಿಯಿತು: ಅವರು ಬೆಳಿಗ್ಗೆ ಏಳೂವರೆಗೇ ಲಾಗಿನ್ ಆಗುತ್ತಿದ್ದರು. ನಾವೆಲ್ಲ ಒಳಗೆ ಬರುವ ಹೊತ್ತಿಗೆ ಅವರ ಅರ್ಧ ಬಿಲ್ಲುಗಳು ಹೊರಟಿರುತ್ತಿದ್ದವು. ಮ್ಯಾನೇಜರ್ ಒಪ್ಪಿಗೆ ಕೊಟ್ಟಿದ್ದರು. ಜೊತೆಗೆ, ಯಾರಿಗೂ ಹೇಳಬೇಡಿ, ಹೇಳಿದರೆ ಎಲ್ಲರೂ ಕೇಳುತ್ತಾರೆ ಎಂದೂ ಹೇಳಿದ್ದರು.

ಆ ಒಂದು ಮಾತೇ ಇಡೀ ವಿಭಾಗದ ವಿಶ್ವಾಸವನ್ನು ಕೆಡಿಸಿತು. ಅವರು ಬೇಗ ಹೋಗುತ್ತಿದ್ದುದರಿಂದ ಯಾರ ಕೆಲಸವೂ ಕೆಟ್ಟಿರಲಿಲ್ಲ. ಬಂದ ಹೊತ್ತು ಯಾರ ಕಣ್ಣಿಗೂ ಬೀಳದೆ ಹೋಗುವ ಹೊತ್ತು ಮಾತ್ರ ಎಲ್ಲರ ಕಣ್ಣಿಗೆ ಬಿದ್ದದ್ದೇ ಕೆಡುಕಿನ ಮೂಲ. ಒಬ್ಬರಿಗೆ ಗುಟ್ಟಾಗಿ ಕೊಟ್ಟ ಅನುಕೂಲ ಉಳಿದವರ ಪಾಲಿಗೆ ಪಕ್ಷಪಾತ. ಪಡೆದವರ ಪಾಲಿಗೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಋಣ. ಪಡೆದವರು ಆ ಋಣ ತೀರಿಸಲು ಭಾನುವಾರವೂ ಫೋನ್ ಎತ್ತುತ್ತಾರೆ, ರಜೆ ಕೇಳಲು ಹಿಂಜರಿಯುತ್ತಾರೆ. ಗುಟ್ಟಿನ ಅನುಕೂಲ ಹೀಗೆ ಇಬ್ಬರನ್ನೂ ಕೆಡಿಸುತ್ತದೆ. ಇದನ್ನು ಕಂಡವರು ಅನುಕೂಲವನ್ನೇ ಬೈದರೆ ಹೇಗೆ? ಬೈಯಬೇಕಾದದ್ದು ಗುಟ್ಟನ್ನು.

ಹೊರೆಯ ಪ್ರಶ್ನೆಗೆ ಮದ್ದು ಬಹಳ ಸರಳ. ಬೆಳಿಗ್ಗೆಯ ಫೋನುಗಳಿಗೆ ಒಂದು ಸರದಿ ಇರಲಿ; ಸರದಿಯ ದಿನ ತಡವಾಗಿ ಬರುವವರೂ ಒಂಬತ್ತಕ್ಕೆ ಇರಬೇಕು. ಸಂಜೆ ಹೊರಡುವವರು ಕೈಯಲ್ಲಿದ್ದ ಕೆಲಸ ಎಲ್ಲಿಗೆ ಬಂದಿದೆ, ಯಾರು ಕೇಳಬಹುದು, ಕಡತ ಎಲ್ಲಿದೆ ಎಂದು ಎರಡು ಸಾಲು ಬರೆದಿಟ್ಟು ಹೊರಡಲಿ. ಬೇಗ ಬರುವವರು ತಡವಾಗಿ ಬರುವವರ ಪರವಾಗಿ ಉತ್ತರ ಹೇಳಬೇಕಾಗಿ ಬಂದದ್ದು ಈ ಎರಡು ಸಾಲು ಇಲ್ಲದ್ದರಿಂದ. ಆಸ್ಪತ್ರೆಯಲ್ಲಿ ಒಂದು ಪಾಳಿಯ ನರ್ಸ್ ಮುಂದಿನ ಪಾಳಿಯವರಿಗೆ ರೋಗಿಯ ಸ್ಥಿತಿಯನ್ನು ಒಪ್ಪಿಸದೆ ಮನೆಗೆ ಹೋಗುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬಂದು ಹೋಗುತ್ತಾರೆಂಬ ಧೈರ್ಯದಲ್ಲಿ ನಮ್ಮ ಕಚೇರಿಗಳು ಈ ಅಭ್ಯಾಸವನ್ನೇ ಕಲಿಯಲಿಲ್ಲ. ಅದರ ಫಲವಾಗಿ ಒಬ್ಬರಿಗೆ ಜ್ವರ ಬಂದರೂ ಕೆಲಸ ನಿಲ್ಲುತ್ತದೆ.

ಇದಕ್ಕಂಟಿಕೊಂಡೇ ಬರುವ ವಾದ: ಕಣ್ಣೆದುರಿಗಿದ್ದರೆ ತಾನೆ ನಂಬಿಕೆ? ಎದುರಿಗಿಲ್ಲದವರು ದುಡಿಯುತ್ತಿದ್ದಾರೆ ಎಂದು ಹೇಗೆ ನಂಬುವುದು? ಮೈಕ್ರೋಸಾಫ್ಟ್ 2022ರಲ್ಲಿ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಈ ಭಾವನೆ ಅಂಕಿಗಳಲ್ಲೇ ಹೊರಬಿತ್ತು. ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಎಂದವರು ನೌಕರರಲ್ಲಿ ಶೇ 87. ಅರ್ಧ ಮನೆ ಅರ್ಧ ಕಚೇರಿಯ ಪದ್ಧತಿ ಬಂದ ಮೇಲೆ ನೌಕರರ ದುಡಿಮೆಯ ಮೇಲೆ ಭರವಸೆ ಇಡುವುದು ಕಷ್ಟವಾಗಿದೆ ಎಂದವರು ಮುಖ್ಯಸ್ಥರಲ್ಲಿ ಶೇ 85. ನೌಕರರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಇಷ್ಟು ದೊಡ್ಡ ಅಂತರದ ಎದುರು ಒಂದು ಪ್ರಶ್ನೆ ಕೇಳಲೇಬೇಕು: ಎಲ್ಲರೂ ಕಣ್ಣೆದುರಿಗಿದ್ದ ಕಾಲದಲ್ಲಿ ಈ ಮುಖ್ಯಸ್ಥರು ಅಳೆಯುತ್ತಿದ್ದುದು ಏನನ್ನು?

ನಮ್ಮ ಕಚೇರಿಗಳಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ಕುರ್ಚಿಗೆ ಕೋಟು ಹಾಕಿ ಹೊರಗೆ ಹೋದ ಗುಮಾಸ್ತರ ಕತೆ ಹಳೆಯದು. 2014ರಲ್ಲಿ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಆಧಾರ್ ಜೋಡಿಸಿದ ಬಯೋಮೆಟ್ರಿಕ್ ಹಾಜರಿ ಬಂತು. ಬೆರಳು ಒತ್ತಿದರೆ ಬಂದ ನಿಮಿಷ ದಾಖಲಾಗುತ್ತದೆ. ಬೆರಳು ಒತ್ತಿದ ಮೇಲೆ ಕಡತ ಕದಲಿತೇ ಇಲ್ಲವೇ ಎಂಬುದು ಆ ಯಂತ್ರಕ್ಕೆ ತಿಳಿಯುವುದಿಲ್ಲ. ಖಾಸಗಿ ಕಂಪನಿಗಳಲ್ಲಿ ಮೌಸ್ ಎಷ್ಟು ಹೊತ್ತು ಅಲುಗಿತು ಎಂದು ನೋಡುವ ತಂತ್ರಾಂಶ ಬಂತು, ಅದರ ಬೆನ್ನಿಗೇ ಮೌಸನ್ನು ತಾನೇ ಅಲುಗಿಸುವ ಸಾಧನವೂ ಮಾರುಕಟ್ಟೆಗೆ ಬಂತು. ಕಾವಲು ಹೆಚ್ಚಿದಂತೆ ನಟನೆ ಹೆಚ್ಚುತ್ತದೆ. ಮ್ಯಾನೇಜರ್ ಹೊರಡುವವರೆಗೆ ಎಕ್ಸೆಲ್ ಹಾಳೆ ತೆರೆದಿಟ್ಟುಕೊಂಡು ಕಾಯುವ ಯುವಕ ಯುವತಿಯರು ಈ ಊರಿನ ಪ್ರತಿ ಟೆಕ್ ಪಾರ್ಕಿನಲ್ಲೂ ಸಿಗುತ್ತಾರೆ. ಅವರ ಆ ಒಂದು ಗಂಟೆಯಿಂದ ಯಾರಿಗೂ ಏನೂ ಸಿಗುವುದಿಲ್ಲ, ಅವರ ಮನೆಯವರಿಗೆ ಅದು ಕಳೆದುಹೋಗುತ್ತದೆ.

ಒಬ್ಬ ಸಹೋದ್ಯೋಗಿಯನ್ನು ನಾನು ನಂಬುವುದು ಯಾವುದರಿಂದ? ಗುರುವಾರ ಕೊಡುತ್ತೇನೆ ಎಂದದ್ದನ್ನು ಗುರುವಾರ ಕೊಡುವುದರಿಂದ. ಆಗದಿದ್ದರೆ ಬುಧವಾರವೇ ಬಂದು ಆಗುವುದಿಲ್ಲ ಎಂದು ಹೇಳುವುದರಿಂದ. ಲೆಕ್ಕದಲ್ಲಿ ತಪ್ಪಾದರೆ ಅದು ಇನ್ನೊಬ್ಬರ ತಲೆಗೆ ಹೋಗದಂತೆ ನೋಡಿಕೊಳ್ಳುವುದರಿಂದ. ಇವುಗಳಲ್ಲಿ ಯಾವುದಕ್ಕೂ ಅವರು ಎಷ್ಟು ಹೊತ್ತಿಗೆ ಬಂದರು ಎಂಬುದು ಬೇಕಾಗುವುದಿಲ್ಲ. ಆದರೆ ಇವನ್ನು ಗಮನಿಸಲು ಮುಖ್ಯಸ್ಥರು ಪ್ರತಿಯೊಬ್ಬರ ಕೆಲಸವನ್ನು ಒಳಹೊಕ್ಕು ತಿಳಿದಿರಬೇಕು, ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬ ಅಂದಾಜಿರಬೇಕು. ಅದು ಕಷ್ಟದ ಕೆಲಸ. ಗೋಡೆ ಗಡಿಯಾರ ನೋಡುವುದು ಸುಲಭ. ಹೊಂದಿಕೆಯ ವೇಳೆಯನ್ನು ವಿರೋಧಿಸುವ ಅನೇಕ ಮುಖ್ಯಸ್ಥರು ತಪ್ಪಿಸಿಕೊಳ್ಳುತ್ತಿರುವುದು ಈ ಕಷ್ಟದಿಂದ ಎಂದು ನಾನು ನಂಬಿದ್ದೇನೆ.

ಅನುಭವವಾದ ಮೇಲೆ ಮುಖ್ಯಸ್ಥರ ಅಭಿಪ್ರಾಯವೂ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿಯಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಪ್ರವಾಸ ಕಂಪನಿ ಟ್ರಿಪ್ ಡಾಟ್ ಕಾಮ್‌ನ 1,612 ನೌಕರರ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದ ಗುಂಪಿನಲ್ಲಿ ಕೆಲಸ ಬಿಟ್ಟವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಎರಡು ವರ್ಷಗಳ ಮೌಲ್ಯಮಾಪನದಲ್ಲೂ ಬಡ್ತಿಯಲ್ಲೂ ಯಾವ ಕೊರತೆಯೂ ಕಾಣಲಿಲ್ಲ. ಪ್ರಯೋಗಕ್ಕೆ ಮುಂಚೆ ಅಲ್ಲಿನ ಮ್ಯಾನೇಜರುಗಳು ಉತ್ಪಾದಕತೆ ಶೇ 2.6ರಷ್ಟು ಬೀಳುತ್ತದೆ ಎಂದು ಅಂದಾಜಿಸಿದ್ದರು, ಮುಗಿದ ಮೇಲೆ ಶೇ 1ರಷ್ಟು ಏರುತ್ತದೆ ಎಂದರು. ಈ ಅಧ್ಯಯನ ಕೆಲಸದ ಜಾಗಕ್ಕೆ ಸಂಬಂಧಿಸಿದ್ದು, ಹೊತ್ತಿಗೆ ಸಂಬಂಧಿಸಿದ್ದಲ್ಲ. ಆದರೂ ಕಣ್ಣಿಗೆ ಕಾಣದವರನ್ನು ನಂಬಬಹುದೇ ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಒಡನಾಟ ಹೋಗುತ್ತದೆ, ಒಟ್ಟಿಗೆ ಕಾಫಿ ಕುಡಿಯುವುದು ತಪ್ಪುತ್ತದೆ ಎಂಬ ಮಾತಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹನ್ನೊಂದರಿಂದ ನಾಲ್ಕರವರೆಗಿನ ಐದು ಗಂಟೆ ಒಡನಾಟಕ್ಕೆ ಧಾರಾಳವಾಯಿತು. ಹೊಸದಾಗಿ ಸೇರಿದವರು ಕಲಿಯುವುದು ಹೇಗೆ ಎಂಬುದು ಮಾತ್ರ ತೂಕದ ಪ್ರಶ್ನೆ. ಹಿರಿಯರ ಪಕ್ಕದಲ್ಲಿ ಕೂತು, ಅವರು ಫೋನಿನಲ್ಲಿ ಹೇಗೆ ಮಾತಾಡುತ್ತಾರೆ, ತಾಳೆಯಾಗದ ಲೆಡ್ಜರನ್ನು ಎಲ್ಲಿಂದ ಹುಡುಕಲು ಶುರು ಮಾಡುತ್ತಾರೆ ಎಂದು ನೋಡಿ ಕಲಿಯುವುದಕ್ಕೆ ಬದಲಿ ಇಲ್ಲ. ಮೊದಲ ಕೆಲವು ತಿಂಗಳು ಹೊಸಬರ ವೇಳೆ ಕಲಿಸುವ ಹಿರಿಯರ ವೇಳೆಯೇ ಆಗಿರಲಿ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇದು ಹೆಂಗಸರಿಗೆ ಮಾಡುವ ಉಪಕಾರ, ಗಂಡಸರಿಗೆ ಅನ್ಯಾಯ ಎನ್ನುವವರಿಗೆ ಈಗ ಉತ್ತರ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ತೊಡಗುವ ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಪಾಲು ಹತ್ತು ನಿಮಿಷ ಇಳಿದರೆ ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿದಿದೆ. ಅಂದರೆ ಕಚೇರಿಗೆ ಒಂಬತ್ತೂವರೆಗೆ ಬರುವ ಹೆಂಗಸು ಅದಕ್ಕೆ ಮೊದಲೇ ಅಡುಗೆ, ಡಬ್ಬಿ, ಮಗುವಿನ ಸ್ಕೂಲ್ ವ್ಯಾನು ಮುಗಿಸಿ ಬಂದಿರುತ್ತಾಳೆ. ವ್ಯಾನು ಹದಿನೈದು ನಿಮಿಷ ತಡವಾದರೆ ಅವಳ ಹೆಸರಿನ ಮುಂದೆ ಕೆಂಪು ಗುರುತು. ಮೂರು ಗುರುತಿಗೆ ಅರ್ಧ ದಿನದ ರಜೆ ಕಡಿತ. ಇದನ್ನು ಸಡಿಲಿಸುವುದಕ್ಕೆ ಉಪಕಾರ ಎಂಬ ಹೆಸರು ಏಕೆ?

ಆದರೆ ಹೆಂಗಸರಿಗೆ ಮಾತ್ರ ಕೊಡಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅದು ಹೆಂಗಸರಿಗೇ ತಿರುಗಿ ಬಡಿಯುತ್ತದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, ಐವತ್ತು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು, ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಮಾತಾಡಿಕೊಳ್ಳುವ ಅವಕಾಶವನ್ನೂ ಕೊಟ್ಟಿತು. ಒಳ್ಳೆಯ ಕಾನೂನು. ಆದರೆ ಇಎಸ್‌ಐ ವ್ಯಾಪ್ತಿಗೆ ಬಾರದ ಕಡೆ ಆ 26 ವಾರದ ಸಂಬಳವನ್ನು ಉದ್ಯೋಗದಾತರೇ ಕೊಡಬೇಕು. ಸಂದರ್ಶನದಲ್ಲಿ ಮದುವೆ ಯಾವಾಗ, ಮಕ್ಕಳ ಯೋಚನೆ ಏನು ಎಂದು ಸುತ್ತಿ ಬಳಸಿ ಕೇಳುವ ಚಾಳಿಗೆ ಇದು ಇಂಬು ಕೊಟ್ಟಿದೆ. ವೇಳೆಯ ಅನುಕೂಲವೂ ಹೆಂಗಸರ ಹೆಸರಿನಲ್ಲಿ ಮಾತ್ರ ಬಂದರೆ ಅವರನ್ನು ತೆಗೆದುಕೊಳ್ಳದಿರಲು ಇನ್ನೊಂದು ನೆಪ ಸಿಗುತ್ತದೆ. ಅಪ್ಪನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವ ಮಗನಿಗೂ, ಮಗಳನ್ನು ಶಾಲೆಗೆ ಬಿಟ್ಟು ಬರಬೇಕೆನ್ನುವ ತಂದೆಗೂ, ಸಂಜೆ ಕಾಲೇಜಿನಲ್ಲಿ ಓದುತ್ತಿರುವ ಹುಡುಗನಿಗೂ ಒಂದೇ ನಿಯಮ ಇರಲಿ. ಕಾರಣವನ್ನೇ ಕೇಳದಿದ್ದರೆ ಇನ್ನೂ ಒಳ್ಳೆಯದು. ಕಾರಣ ಕೇಳಿದ ಕೂಡಲೇ ಯಾರ ಕಾರಣ ದೊಡ್ಡದು ಎಂಬ ತಕ್ಕಡಿ ಶುರುವಾಗುತ್ತದೆ. ಮದುವೆಯಾಗದವರ, ಮಕ್ಕಳಿಲ್ಲದವರ ಹೊತ್ತಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಸಹೋದ್ಯೋಗಿಗಳ ನಡುವಿನ ಬಹಳಷ್ಟು ಕಹಿ ಹುಟ್ಟುವುದು ಈ ತಕ್ಕಡಿಯಲ್ಲಿ.

ಬೆಂಗಳೂರಿನಲ್ಲಿ ಎಷ್ಟು ಹೊತ್ತಿಗೆ ಹೊರಟರೂ ಟ್ರಾಫಿಕ್ ಅದೇ ಎನ್ನುವವರಿದ್ದಾರೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಈ ಊರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು. ಅದು ಸರಾಸರಿ. ಬೆಳಿಗ್ಗೆ ಏಳಕ್ಕೆ ಸಿಲ್ಕ್ ಬೋರ್ಡ್ ದಾಟುವವರಿಗೂ ಒಂಬತ್ತೂವರೆಗೆ ಅಲ್ಲಿ ನಿಂತವರಿಗೂ ಒಂದೇ ಊರು ಕಾಣುವುದಿಲ್ಲ. ನಗರದೊಳಗಿನವರ ಪಾಡು ಇದಾದರೆ, ತುಮಕೂರು, ಮಂಡ್ಯ, ಬಂಗಾರಪೇಟೆಗಳಿಂದ ದಿನವೂ ರೈಲಿನಲ್ಲಿ ಬರುವ ನೌಕರರದು ಬೇರೆಯೇ ಪಾಡು. ಅವರ ಕಚೇರಿ ವೇಳೆ ಗೊತ್ತಾಗುವುದು ರೈಲ್ವೆಯ ವೇಳಾಪಟ್ಟಿಯಲ್ಲಿ. ಸಂಜೆ ಆರಕ್ಕೆ ಒಂದು ಸಭೆ ಕರೆದರೆ ಅವರ ರೈಲು ತಪ್ಪುತ್ತದೆ, ಮುಂದಿನದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕು. ಬೆಂಗಳೂರಿನ ಮನೆ ಬಾಡಿಗೆ ಕೊಡಲಾಗದೆ ಊರಲ್ಲೇ ಉಳಿದವರು ಇವರಲ್ಲಿ ಬಹಳ ಮಂದಿ. ಹೊಂದಿಕೆಯ ವೇಳೆ ಸ್ಥಿತಿವಂತರ ಷೋಕಿ ಎನ್ನುವವರು ಒಂದು ಸಂಜೆ ಯಶವಂತಪುರ ನಿಲ್ದಾಣದಲ್ಲಿ ನಿಂತು ಇವರನ್ನು ಮಾತಾಡಿಸಬೇಕು.

ಕಾರ್ಮಿಕ ಸಂಘಟನೆಯ ಗೆಳೆಯರಿಂದ ಬರುವ ಆಕ್ಷೇಪ ಬೇರೆ ದಿಕ್ಕಿನದು, ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದೂ ಅದೇ. ಹೊತ್ತಿನ ಗಡಿ ಅಳಿಸಿದರೆ ಕೆಲಸ ಇಪ್ಪತ್ತನಾಲ್ಕು ಗಂಟೆಗೂ ಹಬ್ಬುತ್ತದೆ. ಎಂಟು ಗಂಟೆಯ ದಿನಕ್ಕಾಗಿ ನಮ್ಮ ಹಿಂದಿನವರು ಹೋರಾಡಿದ್ದನ್ನು ನಾವೇ ಬಿಟ್ಟುಕೊಟ್ಟಂತಾಗುತ್ತದೆ ಎನ್ನುತ್ತಾರೆ ಅವರು. ಅವರ ಭಯಕ್ಕೆ ಆಧಾರವಿದೆ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಎನ್.ಆರ್. ನಾರಾಯಣಮೂರ್ತಿ 2023ರಲ್ಲಿ ಯುವಕರಿಗೆ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು, ಐಟಿ ನೌಕರರ ಸಂಘ ಪ್ರತಿಭಟನೆಗಿಳಿಯಿತು. ಮರುವರ್ಷ ಜೂನ್‌ನಲ್ಲಿ 9 ಗಂಟೆಯನ್ನು 10 ಮಾಡುವ ಪ್ರಸ್ತಾವ ಬಂತು.

ಈ ಗೆಳೆಯರಿಗೆ ನನ್ನ ಉತ್ತರ ಇಷ್ಟು: ಈಗಿನ ಗಟ್ಟಿ ವೇಳೆ ನಿಮ್ಮನ್ನು ಕಾಪಾಡುತ್ತಿದೆಯೇ? ಬರುವ ಹೊತ್ತು ಮಾತ್ರ ಗಟ್ಟಿ, ಹೋಗುವ ಹೊತ್ತಿಗೆ ಲೆಕ್ಕವೇ ಇಲ್ಲ. ಒಂಬತ್ತೂವರೆಗೆ ಹತ್ತು ನಿಮಿಷ ತಡವಾದರೆ ಮೆಮೊ. ರಾತ್ರಿ ಒಂಬತ್ತಕ್ಕೆ ಅಮೆರಿಕದವರೊಂದಿಗೆ ಕಾಲ್ ಮುಗಿಸಿದವರಿಗೆ ಮರುದಿನವೂ ಒಂಬತ್ತೂವರೆಯೇ. ನಾನು ಕೇಳುವ ಹೊಂದಿಕೆಯಲ್ಲಿ ಗಂಟೆಗಳ ಒಟ್ಟು ಮೊತ್ತ ಕಲ್ಲಿನ ಹಾಗೆ ಗಟ್ಟಿ. ರಾತ್ರಿ ಎರಡು ಗಂಟೆ ಹೋದರೆ ಮರುದಿನ ಬೆಳಿಗ್ಗೆ ಎರಡು ಗಂಟೆ ಹಿಂದಕ್ಕೆ ಬರಬೇಕು, ಯಾರ ಅನುಮತಿಯನ್ನೂ ಬೇಡದೆ. ತನ್ನ ಪಟ್ಟಿಯ ಹೊತ್ತು ಮುಗಿದವರ ಫೋನಿಗೆ ಕರೆ ಹೋಗಬಾರದು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತಿನ ಆಚೆ ಸಂಪರ್ಕದಿಂದ ದೂರ ಇರುವ ಹಕ್ಕಿಗೆ ಕಾನೂನಿನಲ್ಲಿ ಜಾಗ ಇದೆ. ಹೊಂದಿಕೆಯ ವೇಳೆಯನ್ನು ಕೇಳುವವರು ಈ ಹಕ್ಕನ್ನೂ ಒಂದೇ ಉಸಿರಿನಲ್ಲಿ ಕೇಳದಿದ್ದರೆ, ಆಗ ಸಂಘಟನೆಯವರ ಭಯವೇ ನಿಜವಾಗುತ್ತದೆ.

ಎಲ್ಲಕ್ಕಿಂತ ಮೊದಲು ಇದೆಲ್ಲ ಬರೆದಿಟ್ಟ ನಿಯಮವಾಗಬೇಕು. 1946ರ ಸ್ಥಾಯೀ ಆದೇಶಗಳ ಕಾಯ್ದೆಯ ಅನುಸೂಚಿಯಲ್ಲಿ ಪಾಳಿ, ಹಾಜರಿ, ತಡವಾಗಿ ಬರುವುದು ಇವೆಲ್ಲ ಹೆಸರಿಟ್ಟು ಇದ್ದವು; ಇವುಗಳ ಬಗ್ಗೆ ಮಾಲೀಕರು ಬರೆದು ಪ್ರಕಟಿಸಬೇಕಿತ್ತು, ಕಾರ್ಮಿಕರ ಮಾತನ್ನೂ ಕೇಳಬೇಕಿತ್ತು. ಕರ್ನಾಟಕ ಐಟಿ ಉದ್ದಿಮೆಗೆ ಇದರಿಂದ ವಿನಾಯಿತಿ ಕೊಡುತ್ತ ಬಂದು 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಬರೆದ ನಿಯಮ ಇಲ್ಲದಲ್ಲಿ ಎಲ್ಲವೂ ಮ್ಯಾನೇಜರ್ ಬಾಯಿಮಾತಿನ ಮೇಲೆ ನಿಲ್ಲುತ್ತದೆ, ಬಾಯಿಮಾತು ಗುಟ್ಟಾಗುತ್ತದೆ, ಗುಟ್ಟು ಅನುಮಾನವಾಗುತ್ತದೆ. ಬಿಲ್ಲಿಂಗ್ ವಿಭಾಗದ ಆ ಸಹೋದ್ಯೋಗಿಯ ಕತೆ ಒಂದು ಕಚೇರಿಯದಲ್ಲ.

ಕೊನೆಯದಾಗಿ ಒಂದು ಆಕ್ಷೇಪ ಉಳಿದಿದೆ. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಚಾಲಕರು, ಕೌಂಟರಿನಲ್ಲಿ ಕೂರುವವರು ಇವರಿಗೆಲ್ಲ ಇದು ಸಾಧ್ಯವಿಲ್ಲ. ಎಲ್ಲರಿಗೂ ಸಿಗದ್ದು ಕೆಲವರಿಗೇಕೆ ಎಂಬ ಆಕ್ಷೇಪ. ಹೀಗೆ ಕೇಳುವವರು ನಿಜಕ್ಕೂ ಇವರ ಬಗ್ಗೆ ಚಿಂತಿಸುತ್ತಿದ್ದರೆ ನಾನು ಅವರ ಜೊತೆಗಿದ್ದೇನೆ. ಗೇಟಿನಲ್ಲಿ ಆರಕ್ಕೆ ಒಬ್ಬರು ಇರಲೇಬೇಕು, ನಿಜ. ಆ ಒಬ್ಬರು ಯಾರು ಎಂಬುದನ್ನು ಹಿಂದಿನ ರಾತ್ರಿ ಫೋನ್ ಮಾಡಿ ಹೇಳಬೇಕಾಗಿಲ್ಲ. ಹದಿನೈದು ದಿನ ಮುಂಚೆ ಪಟ್ಟಿ ಕೊಡಬಹುದು, ಇಬ್ಬರು ತಮ್ಮಲ್ಲೇ ಪಾಳಿ ಬದಲಿಸಿಕೊಂಡರೆ ಸಂಬಳ ಕತ್ತರಿಸದೆ ಒಪ್ಪಬಹುದು. ಕೌಂಟರು ಜನರಿಗೆ ಹತ್ತಕ್ಕೆ ತೆರೆಯಲೇಬೇಕು, ಆದರೆ ಅದರ ಹಿಂದೆ ಪ್ರತಿದಿನ ಒಂದೇ ಮುಖ ಇರಬೇಕೆಂಬ ಕಟ್ಟಳೆ ಇಲ್ಲ. ನಮ್ಮ ಮೇಜು ಒರೆಸುವ ಹೆಂಗಸು ಬೆಳಿಗ್ಗೆ ಆರಕ್ಕೆ ಬರುವುದು ನಾವೆಲ್ಲ ಒಂಬತ್ತಕ್ಕೆ ಒಟ್ಟಿಗೆ ಬರುತ್ತೇವೆ ಎಂಬ ಕಾರಣಕ್ಕೆ. ನಾವು ಬೇರೆ ಬೇರೆ ಹೊತ್ತಿಗೆ ಬರುವುದಾದರೆ ಅರ್ಧ ಮಹಡಿಯನ್ನು ಎಂಟರ ಮೇಲೂ ಒರೆಸಬಹುದು, ಅವಳ ಬೆಳಗಿಗೆ ಎರಡು ಗಂಟೆ ಸಿಗುತ್ತದೆ. ಆದರೆ ಅವಳ ವೇಳೆ ತೀರ್ಮಾನವಾಗುವುದು ಕಂಪನಿಯಲ್ಲಲ್ಲ, ಏಜೆನ್ಸಿಯ ಜೊತೆ ಮಾಡಿಕೊಂಡ ಗುತ್ತಿಗೆ ಪತ್ರದಲ್ಲಿ. ಆ ಪತ್ರ ಮುಂದಿನ ಸಲ ನವೀಕರಣಕ್ಕೆ ಬಂದಾಗ ವೇಳೆಯ ಕಲಮನ್ನು ತಿದ್ದಿಸಬೇಕಾದವರು ನಾವು. ಅಕೌಂಟ್ಸ್‌ನವರ ಸಹಿ ಇಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ.